ಸುಟ್ಟ ಜೇಡಿ, ಸುಣ್ಣದಕಲ್ಲು, ಅರ್ಧ ಕ್ಲಿಂಕರ್: ಒಂದು ಸಿಮೆಂಟಿನ ಕೆಲಸದ ದಾಖಲೆ

ಕಟ್ಟಡ ಸಾಮಗ್ರಿಗಳ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರಜ್ಞರ ಮುಂದೆ ಬರುವ ಪ್ರಶ್ನೆ ಹೆಚ್ಚಾಗಿ ಒಂದೇ ಸಾಲಿನದು. ಈ ಸಲದ ಸಾಲು ಹೀಗಿತ್ತು: ಈ ಚೀಲದಲ್ಲಿರುವ ಜೇಡಿಮಣ್ಣನ್ನು ಬಳಸಿ, ಕ್ಲಿಂಕರ್ ಪ್ರಮಾಣವನ್ನು ಅರ್ಧಕ್ಕೆ ಇಳಿಸಿಯೂ ಮಾಮೂಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿನಷ್ಟು ಬಲ ಕೊಡುವ ಬಂಧಕವನ್ನು ಮಾಡಬಹುದೇ? ಕ್ಲಿಂಕರ್ ಎಂದರೆ ಸುಣ್ಣದಕಲ್ಲನ್ನು ಜೇಡಿಯೊಂದಿಗೆ ಗೂಡಿನಲ್ಲಿ ಸುಟ್ಟು ಪಡೆಯುವ ಗಟ್ಟಿ ಉಂಡೆ; ಸಿಮೆಂಟಿನ ಮುಖ್ಯ ಭಾಗ ಅದೇ.

ಈ ಜಾತಿಯ ಸಿಮೆಂಟಿಗೆ ಸಿದ್ಧ ಪಾಕ ಈಗಾಗಲೇ ಇದೆ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಕ್ಯಾರನ್ ಸ್ಕ್ರೈವನರ್ ಅವರ ತಂಡ, ಕ್ಯೂಬಾ ಮತ್ತು ಭಾರತದ ಸಂಶೋಧಕರೊಂದಿಗೆ ಸೇರಿ ಬೆಳೆಸಿದ ಎಲ್‌ಸಿ3 ಎಂಬ ಸಿಮೆಂಟ್ ಅದು. ಶೇಕಡ 50 ಕ್ಲಿಂಕರ್, 30 ಸುಟ್ಟ ಜೇಡಿ, 15 ಸುಣ್ಣದಕಲ್ಲು, 5 ಜಿಪ್ಸಂ. ಕ್ಲಿಂಕರ್ ಕಡಿಮೆ ಮಾಡುವುದೇಕೆ ಎನ್ನುವುದಕ್ಕೆ ಒಂದು ಲೆಕ್ಕ ಸಾಕು. ಸುಣ್ಣದಕಲ್ಲಿನ ಮುಖ್ಯ ಅಂಶವಾದ ಕ್ಯಾಲ್ಸಿಯಂ ಕಾರ್ಬೊನೇಟನ್ನು ಶುದ್ಧ ರೂಪದಲ್ಲಿ ಸುಟ್ಟರೆ ಅದರ ತೂಕದ ಶೇಕಡ 44 ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಗೂಡಿಗೆ ಎಷ್ಟೇ ಶುದ್ಧ ಇಂಧನ ಹಾಕಿದರೂ ಈ ಭಾಗ ತಪ್ಪುವುದಿಲ್ಲ, ಏಕೆಂದರೆ ಅದು ಕಲ್ಲಿನೊಳಗಿಂದಲೇ ಬರುವುದು. ಅದರ ಮೇಲೆ 1450 ಡಿಗ್ರಿ ಸೆಲ್ಸಿಯಸ್ ಕಾವು ಬೇರೆ. ಜೇಡಿಯನ್ನಾದರೆ ಸುಮಾರು 800 ಡಿಗ್ರಿಯಲ್ಲಿ ಸುಟ್ಟರೆ ಸಾಕು; ಅದರ ಖನಿಜದಿಂದ ಹೊರಡುವುದು ನೀರಿನ ಆವಿ. ಸುಣ್ಣದಕಲ್ಲನ್ನು ಸುಡುವುದೇ ಇಲ್ಲ, ಅರೆದು ಬೆರೆಸುತ್ತೇವೆ.

ಪಾಕ ಗೊತ್ತಿದ್ದ ಮಾತ್ರಕ್ಕೆ ಸಿಮೆಂಟ್ ಆಗುವುದಿಲ್ಲ. ಈ ಕೆಲಸದಲ್ಲಿ ನಮ್ಮ ಸಮಯದ ಬಹುಪಾಲನ್ನು ತಿಂದದ್ದು ಪಾಕದ ಕೊನೆಯ, ಅತಿ ಚಿಕ್ಕ ಅಂಶ: ಆ ಶೇಕಡ 5 ಜಿಪ್ಸಂ.

ಮಣ್ಣಿನ ಪರೀಕ್ಷೆ

ಚೀಲದ ಮಣ್ಣು ಮಾಸಲು ಕೆಂಪು, ಬೆರಳಲ್ಲಿ ತಿಕ್ಕಿದರೆ ಜಾರುವ ನುಣುಪು, ನಡುನಡುವೆ ಮರಳಿನ ಕರಕರ. ಮೊದಲು ಒಂದು ಚಿಟಿಕೆಗೆ ಸಾರ ಕಡಿಮೆ ಮಾಡಿದ ಹೈಡ್ರೊಕ್ಲೋರಿಕ್ ಆಮ್ಲದ ಹನಿ ಹಾಕಿ ನೋಡಿದೆವು. ನೊರೆ ಬರಲಿಲ್ಲ, ಅಂದರೆ ಮಣ್ಣಿನಲ್ಲಿ ಗಣನೀಯ ಸುಣ್ಣದ ಅಂಶವಿಲ್ಲ. ಇದು ತಿಳಿದಿರಬೇಕು, ಇಲ್ಲದಿದ್ದರೆ ಮುಂದಿನ ತೂಕನಷ್ಟದ ಲೆಕ್ಕದಲ್ಲಿ ನೀರು ಯಾವುದು, ಇಂಗಾಲದ ಡೈಆಕ್ಸೈಡ್ ಯಾವುದು ಎಂದು ಬಿಡಿಸುವುದು ಕಷ್ಟವಾಗುತ್ತದೆ.

ನಮಗೆ ಬೇಕಾದ ಖನಿಜ ಕೇಯೊಲಿನೈಟ್. ಶುದ್ಧ ಕೇಯೊಲಿನೈಟ್ ಕಾಯಿಸಿದರೆ ತೂಕದ ಶೇಕಡ 13.96ರಷ್ಟು ನೀರು ಕಳೆದುಕೊಳ್ಳುತ್ತದೆ, ಅದೂ ಬಹುಮಟ್ಟಿಗೆ 400ರಿಂದ 600 ಡಿಗ್ರಿಯ ನಡುವೆ. ಆದ್ದರಿಂದ ಥರ್ಮೊಗ್ರಾವಿಮೆಟ್ರಿ ಯಂತ್ರದಲ್ಲಿ ಚೂರು ಮಣ್ಣನ್ನು ನಿಧಾನವಾಗಿ ಕಾಯಿಸುತ್ತಾ ತೂಕ ನೋಡಿದರೆ ಖನಿಜದ ಪಾಲು ಹೊರಬೀಳುತ್ತದೆ. ಆ ವ್ಯಾಪ್ತಿಯಲ್ಲಿ ಶೇಕಡ 7 ಇಳಿದರೆ ಮಣ್ಣಿನ ಅರ್ಧದಷ್ಟು ಕೇಯೊಲಿನೈಟ್ ಎಂದು ಲೆಕ್ಕ. ಗೋಥೈಟ್‌ನಂತಹ ಕಬ್ಬಿಣದ ಖನಿಜವೂ ಗಿಬ್‌ಸೈಟ್ ಕೂಡ ನೀರು ಬಿಡುತ್ತವೆ, ಆದರೆ ಇನ್ನೂ ಕಡಿಮೆ ಉಷ್ಣತೆಯಲ್ಲಿ. ಹಾಗಾಗಿ ಕಾಯಿಸಿದ ಒಟ್ಟು ನಷ್ಟವನ್ನು ತೆಗೆದುಕೊಳ್ಳದೆ ಆ ಒಂದು ಮೆಟ್ಟಿಲನ್ನು ಮಾತ್ರ ಅಳೆಯಬೇಕು. ಮೆಟ್ಟಿಲಿನ ಎರಡೂ ಬದಿ ಇಳಿಜಾರಾಗಿರುವುದರಿಂದ ಸ್ಪರ್ಶರೇಖೆ ಎಳೆದು ಎತ್ತರ ತೆಗೆಯುವುದು ಒಳ್ಳೆಯದು.

ಶೇಕಡ 40ರ ಮೇಲೆ ಕೇಯೊಲಿನೈಟ್ ಇದ್ದರೆ ಈ ಜಾತಿಯ ಸಿಮೆಂಟಿಗೆ ಮಣ್ಣು ಸಾಕಷ್ಟು ಒಳ್ಳೆಯದು. ಪಿಂಗಾಣಿಗೂ ಕಾಗದಕ್ಕೂ ಬೇಕಾಗುವಂತಹ ಹಾಲಿನಷ್ಟು ಬಿಳಿಯ, ಶುದ್ಧ ಮಣ್ಣು ಇಲ್ಲಿ ಬೇಡ. ಅವರು ಬದಿಗೆ ಹಾಕುವ ಕೆಂಪು ಮಣ್ಣು ನಮಗೆ ನಡೆಯುತ್ತದೆ. ನನಗೆ ಈ ವಸ್ತುವಿನ ಮೇಲಿರುವ ಅಭಿಮಾನಕ್ಕೆ ಇದೇ ಮುಖ್ಯ ಕಾರಣ. ನಮ್ಮ ಮಣ್ಣು 40ರ ಗೆರೆಯನ್ನು ನೆಮ್ಮದಿಯಾಗಿ ದಾಟಿತು.

ಕುಲುಮೆ

105 ಡಿಗ್ರಿಯಲ್ಲಿ ಒಣಗಿಸಿ, ಹೆಂಟೆ ಒಡೆದು, ಜರಡಿ ಹಿಡಿದ ಮಣ್ಣನ್ನು ತಟ್ಟೆಗಳಲ್ಲಿ ಹರಡಿ ವಿದ್ಯುತ್ ಕುಲುಮೆಗೆ ಇಟ್ಟೆವು. ಗುರಿ 800 ಡಿಗ್ರಿ, ಆ ಕಾವಿನಲ್ಲಿ ಒಂದು ಗಂಟೆ. ಕಾವು ಕಡಿಮೆಯಾದರೆ ಕೇಯೊಲಿನೈಟ್ ಪೂರ್ತಿ ಒಡೆಯುವುದಿಲ್ಲ. 950 ಡಿಗ್ರಿಯತ್ತ ಹೋದರೆ ಅದು ಮತ್ತೆ ಹರಳುಗಟ್ಟಲು ತೊಡಗುತ್ತದೆ, ಆಗ ಸುಣ್ಣದೊಂದಿಗೆ ಕೂಡುವ ಚುರುಕು ಸತ್ತುಹೋಗುತ್ತದೆ. ನಮಗೆ ಬೇಕಾದದ್ದು ಈ ಎರಡರ ನಡುವಿನ ಅಸ್ತವ್ಯಸ್ತ ಸ್ಥಿತಿ, ಅಂದರೆ ಮೆಟಕೇಯೊಲಿನ್. ನೀರು ಹೋಗಿ ಪದರಗಳ ಜೋಡಣೆ ಕುಸಿದಿರಬೇಕು, ಹೊಸ ಹರಳು ಇನ್ನೂ ಹುಟ್ಟಿರಬಾರದು.

ಕುಲುಮೆ ನೋಡಿಕೊಳ್ಳುವ ಹಿರಿಯ ಸಹಾಯಕರೊಬ್ಬರಿದ್ದಾರೆ. ಮೊದಲ ತಟ್ಟೆ ತಣ್ಣಗಾದ ಮೇಲೆ ಚಮಚದಿಂದ ಮಣ್ಣನ್ನು ಕೊಯ್ದು ತೋರಿಸಿದರು. "ಮೇಲೆ ಇಟ್ಟಿಗೆ ಬಣ್ಣ ಬಂದಿದೆ, ನಡುವೆ ಇನ್ನೂ ಬೂದು ಇದೆ ನೋಡಿ ಸರ್. ಪದರ ತೆಳುವಾಗಬೇಕು" ಎಂದರು. ಅವರ ಮಾತು ಸರಿ. ಉಷ್ಣಮಾಪಕ ತೋರಿಸುವುದು ಕುಲುಮೆಯೊಳಗಿನ ಗಾಳಿಯ ಕಾವು. ಪುಡಿಮಣ್ಣು ಶಾಖವನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ, ಆಮ್ಲಜನಕವನ್ನೂ ಬಿಡುವುದಿಲ್ಲ. ಸಾವಯವ ಅಂಶ ಪೂರ್ತಿ ಉರಿಯದೆ, ಕಬ್ಬಿಣ ಪೂರ್ತಿ ಉತ್ಕರ್ಷಣಗೊಳ್ಳದೆ ಉಳಿದ ಕಡೆ ಬೂದು ಕಾಣುತ್ತದೆ. ಪದರವನ್ನು ಬೆರಳಿನ ದಪ್ಪಕ್ಕೆ ಇಳಿಸಿದ ಮೇಲೆ ಬಣ್ಣ ತಳದವರೆಗೂ ಒಂದೇ ಸಮ ಬಂತು.

ಬಣ್ಣ ಸುಳಿವು ಮಾತ್ರ, ಪುರಾವೆಗೆ ಎಕ್ಸ್-ಕಿರಣ ಬೇಕು. ತಾಮ್ರದ ನಳಿಗೆಯ ಎಕ್ಸ್-ಕಿರಣ ಯಂತ್ರದಲ್ಲಿ ಕೇಯೊಲಿನೈಟ್‌ನ ಮುಖ್ಯ ಶಿಖರ ಸುಮಾರು 12.4 ಡಿಗ್ರಿಯಲ್ಲಿ ಏಳುತ್ತದೆ (ಎಕ್ಸ್-ಕಿರಣದ ಗೆರೆಯಲ್ಲಿ ಡಿಗ್ರಿ ಎಂದರೆ ಕೋನ, ಕಾವಲ್ಲ). ಸುಟ್ಟ ಮೇಲೆ ಆ ಜಾಗ ಸಮತಟ್ಟಾಯಿತು. 26.6 ಡಿಗ್ರಿಯ ಕ್ವಾರ್ಟ್ಜ್ ಶಿಖರ ಮಾತ್ರ ಕದಲದೆ ನಿಂತಿತ್ತು. ಅದು ಮಣ್ಣಿನಲ್ಲಿದ್ದ ಮರಳು, ಅದಕ್ಕೆ 800 ಡಿಗ್ರಿ ಏನೂ ಮಾಡುವುದಿಲ್ಲ.

ಇಷ್ಟಾದರೂ ಈ ಪುಡಿ ನಿಜವಾಗಿ ಎಷ್ಟು ಚುರುಕು ಎಂಬುದು ಬಾಕಿ. ಅದಕ್ಕೆ ಆರ್3 ಪರೀಕ್ಷೆ ಮಾಡಿದೆವು: 10 ಗ್ರಾಂ ಸುಟ್ಟ ಜೇಡಿಗೆ 30 ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, 5 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಮತ್ತು ಪೊಟ್ಯಾಸಿಯಂ ಸಲ್ಫೇಟ್ ಕರಗಿಸಿದ 54 ಗ್ರಾಂ ದ್ರಾವಣ. 40 ಡಿಗ್ರಿಯಲ್ಲಿ 7 ದಿನ ಹೊರಬಂದ ಶಾಖವನ್ನು ಅಳೆಯುತ್ತೇವೆ. ಕ್ಲಿಂಕರೇ ಇಲ್ಲದ ಮಿಶ್ರಣವಾದ್ದರಿಂದ ಬಂದ ಶಾಖವೆಲ್ಲ ಜೇಡಿಯದೇ. 28 ದಿನ ಕಾದು ಗಾರೆ ಒಡೆಯುವ ಬದಲು ಒಂದು ವಾರದಲ್ಲಿ ಮಣ್ಣಿನ ಯೋಗ್ಯತೆ ತಿಳಿಯುತ್ತದೆ. ತೆಳು ಪದರದಲ್ಲಿ ಸುಟ್ಟ ಪುಡಿ ದಪ್ಪ ಪದರದ್ದಕ್ಕಿಂತ ಸ್ಪಷ್ಟವಾಗಿ ಮೇಲಿತ್ತು.

ಅರೆಯುವುದು

ನಾಲ್ಕನ್ನೂ ಒಟ್ಟಿಗೆ ಬಾಲ್ ಮಿಲ್ಲಿಗೆ ಹಾಕಿ ತಿರುಗಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಕ್ಲಿಂಕರ್ ಗಟ್ಟಿ, ಸುಟ್ಟ ಜೇಡಿ ಮೆದು. ಜೇಡಿ ಅತಿ ನುಣುಪಾಗುವ ಹೊತ್ತಿಗೂ ಕ್ಲಿಂಕರ್ ತರಿತರಿಯಾಗಿಯೇ ಇರುತ್ತದೆ. ಮೊದಲ ದಿನದ ಬಲ ಕೊಡಬೇಕಾದದ್ದು ಕ್ಲಿಂಕರ್. ನೀರನ್ನು ಹೀರುವುದು ನುಣುಪು ಜೇಡಿ. ಎರಡೂ ಬೇಡದ ದಿಕ್ಕಿಗೆ ಹೋಗುತ್ತವೆ. ಪ್ರಯೋಗಾಲಯದಲ್ಲಿ ನಾನು ಬೇರೆ ಬೇರೆಯಾಗಿ ಅರೆದು ಕೊನೆಗೆ ಬೆರೆಸುವುದನ್ನೇ ಮೆಚ್ಚುತ್ತೇನೆ. ಆಗ ಯಾವ ಬದಲಾವಣೆ ಯಾವುದರಿಂದ ಬಂತು ಎಂದು ಹೇಳಬಹುದು.

ಜಿಪ್ಸಂ ವಿಷಯದಲ್ಲಿ ಒಂದು ಎಚ್ಚರಿಕೆ. ಬೇರೆಲ್ಲವನ್ನು ಒಣಗಿಸಿದಂತೆ ಅದನ್ನೂ 105 ಡಿಗ್ರಿಯ ಓವನ್ನಿಗೆ ಇಡಬಾರದು. ಅದರೊಳಗಿನ ಹರಳು ನೀರು ಹೊರಟು ಅದು ಪ್ಲಾಸ್ಟರ್ ಆಗುತ್ತದೆ. ಆ ಪ್ಲಾಸ್ಟರ್ ನೀರು ಕಂಡೊಡನೆ ಮತ್ತೆ ಜಿಪ್ಸಂ ಆಗಿ ಗಟ್ಟಿಯಾಗುವುದರಿಂದ, ಸಿಮೆಂಟ್ ಕಲಸಿದ ಕೆಲವೇ ನಿಮಿಷಕ್ಕೆ ಬಿಗಿದಂತೆ ತೋರುತ್ತದೆ. 40 ಡಿಗ್ರಿಯ ಆಸುಪಾಸಿನಲ್ಲಿ, ನಿಧಾನವಾಗಿ ಒಣಗಿಸುವುದೇ ಸರಿ.

ಶಾಖದ ಗೆರೆ

ಸಿದ್ಧ ಪಾಕದ ಪ್ರಕಾರ ಕೂಡಿಸಿದ ಮೊದಲ ಮಿಶ್ರಣವನ್ನು ಅಚ್ಚಿಗೆ ಸುರಿಯುವ ಮೊದಲು ಹೊರಬರುವ ಶಾಖ ಅಳೆಯುವ ಕ್ಯಾಲೊರಿಮೀಟರಿಗೆ ಕಳಿಸಿದೆವು. ಕೆಲವೇ ಗ್ರಾಂ ಸಿಮೆಂಟ್ ಪೇಸ್ಟ್ ಮುಚ್ಚಿದ ಶೀಶೆಯಲ್ಲಿ, 20 ಡಿಗ್ರಿಯಲ್ಲಿ. ಪಕ್ಕದಲ್ಲಿ ಅಷ್ಟೇ ಶಾಖಧಾರಣೆಯ ನೀರಿನ ಶೀಶೆ. ಎರಡರ ನಡುವಿನ ವ್ಯತ್ಯಾಸವೇ ಗೆರೆಯಾಗಿ ಮೂಡುತ್ತದೆ. ಹೊರಗೆ ಕಲಸಿ ಒಳಗಿಟ್ಟಿರುವುದರಿಂದ ಮೊದಲ ಮುಕ್ಕಾಲು ಗಂಟೆಯ ಗೆರೆಯನ್ನು ನಂಬುವಂತಿಲ್ಲ. ನಮಗೆ ಬೇಕಾದ ಕಥೆ ಅದರ ನಂತರದ ಒಂದೆರಡು ದಿನಗಳದ್ದು.

ಸರಿಯಾದ ಸಿಮೆಂಟಿನಲ್ಲಿ ಎರಡು ಶಿಖರ ಕಾಣುತ್ತವೆ. ಮೊದಲನೆಯದು ಅಗಲ, ಅದು ಕ್ಲಿಂಕರಿನ ಸಿಲಿಕೇಟ್ ನೀರಿನೊಂದಿಗೆ ಕೂಡಿ ಸಿ-ಎಸ್-ಎಚ್ ಎಂಬ ಅಂಟು ಹುಟ್ಟುವ ಹೊತ್ತು. ಬಲಕ್ಕೆ ಮೂಲ ಇದು. ಎರಡನೆಯದು ಅದರ ನಂತರ ಬರಬೇಕು: ಜಿಪ್ಸಂ ಕರಗಿ ಮುಗಿದು, ಕ್ಲಿಂಕರಿನ ಇನ್ನೊಂದು ಅಂಶವಾದ ಅಲ್ಯುಮಿನೇಟ್ ಮತ್ತೆ ಜೋರಾಗಿ ಕೂಡಲು ತೊಡಗುವ ಹೊತ್ತು. ನಮ್ಮ ಗೆರೆಯಲ್ಲಿ ಅಲ್ಯುಮಿನೇಟ್ ಶಿಖರ ಚೂಪಾಗಿ, ಸಿಲಿಕೇಟ್ ಶಿಖರದ ಏರಿನಲ್ಲೇ ಎದ್ದು ನಿಂತಿತ್ತು. ಅದರ ಹಿಂದೆ ಸಿಲಿಕೇಟ್ ಶಿಖರ ತಗ್ಗಿ, ಚಪ್ಪಟೆಯಾಗಿ, ತಡವಾಗಿ ಮುಗಿಯಿತು. ಜಿಪ್ಸಂ ಕೊಡುವ ಸಲ್ಫೇಟ್ ಬೇಗ ಬರಿದಾದ ಸಿಮೆಂಟಿನ ಲಕ್ಷಣ ಇದು. ಸಲ್ಫೇಟಿನ ಕಡಿವಾಣ ಹೋದೊಡನೆ ಅಲ್ಯುಮಿನೇಟ್ ಓಡುತ್ತದೆ, ಸಿಲಿಕೇಟಿನ ಕೆಲಸ ಕುಂಠಿತವಾಗುತ್ತದೆ, ಮೊದಲ ದಿನದ ಬಲ ಕೈಕೊಡುತ್ತದೆ.

ಶೇಕಡ 5 ಜಿಪ್ಸಂ ಅರ್ಧದಷ್ಟೇ ಇರುವ ಕ್ಲಿಂಕರಿಗೆ ಧಾರಾಳವಾಗಬೇಕಿತ್ತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಮೆಟಕೇಯೊಲಿನ್‌ನಲ್ಲಿ ಅಲ್ಯುಮಿನಾ ಇದೆ, ಅದೇ ಸಲ್ಫೇಟನ್ನು ತಿಂದಿರಬೇಕು ಎಂಬುದು ಮೊದಲು ಹೊಳೆಯುವ ಉತ್ತರ. ಆದರೆ ಇಷ್ಟು ಬೇಗ, ಮೊದಲ ಕೆಲವು ಗಂಟೆಗಳಲ್ಲಿ, ಜೇಡಿ ಹೆಚ್ಚು ಕೂಡಿರುವುದಿಲ್ಲ. ಕಾರಣ ಮೇಲ್ಮೈ. ಸುಟ್ಟ ಜೇಡಿಯ ನುಣುಪು ಕಣಗಳು ಸಿ-ಎಸ್-ಎಚ್ ಬೀಡುಬಿಡಲು ಅಪಾರ ಜಾಗ ಒದಗಿಸುತ್ತವೆ. ಅಂಟು ಬೇಗ ಬೇಗ ಬೆಳೆಯುತ್ತದೆ, ಬೆಳೆದ ಅಂಟು ದ್ರಾವಣದ ಸಲ್ಫೇಟನ್ನು ತನ್ನ ಮೈಗೆ ಹಿಡಿದುಕೊಳ್ಳುತ್ತದೆ. ಸಲ್ಫೇಟ್ ಖಾಲಿಯಾಗುವುದು ಹೀಗೆ. ಇದು ಅರ್ಥವಾದರೆ ಪರಿಹಾರದ ದಾರಿಯೂ ತೆರೆದುಕೊಳ್ಳುತ್ತದೆ: ಜೇಡಿಯನ್ನು ಎಷ್ಟು ನುಣುಪಾಗಿ ಅರೆಯುತ್ತೇವೋ ಅಷ್ಟು ಹೆಚ್ಚು ಜಿಪ್ಸಂ ಬೇಕು. ಅರೆಯುವ ಕೋಣೆಯಲ್ಲಿ ಮಾಡಿದ ನಿರ್ಧಾರಕ್ಕೆ ಜಿಪ್ಸಂ ಡಬ್ಬಿಯಲ್ಲಿ ಬೆಲೆ ತೆರಬೇಕು.

ಹಾಗಾಗಿ ಜೇಡಿಗೂ ಸುಣ್ಣದಕಲ್ಲಿಗೂ 2:1ರ ಪಾಲನ್ನು ಹಾಗೆಯೇ ಇಟ್ಟು, ಜಿಪ್ಸಮನ್ನು ಅರ್ಧರ್ಧ ಶೇಕಡದಂತೆ ಏರಿಸುತ್ತಾ ಹೋದೆವು. ಶುದ್ಧ ಜಿಪ್ಸಂನಲ್ಲಿ ಸಲ್ಫೇಟಿನ ಅಳತೆಯಾದ ಸಲ್ಫರ್ ಟ್ರೈಆಕ್ಸೈಡ್ ಶೇಕಡ 46.5. ಅಂದರೆ 5 ಪಾಲು ಜಿಪ್ಸಂ ಸುಮಾರು 2.3 ಪಾಲು, 7 ಪಾಲು ಜಿಪ್ಸಂ ಸುಮಾರು 3.3 ಪಾಲು. ಕ್ಲಿಂಕರಿನಲ್ಲೇ ಕ್ಷಾರ ಸಲ್ಫೇಟ್ ಇರುವುದರಿಂದ ಲೆಕ್ಕವನ್ನು ಯಾವಾಗಲೂ ಸಲ್ಫರ್ ಟ್ರೈಆಕ್ಸೈಡಿನಲ್ಲೇ ಇಡುವುದು ಕ್ಷೇಮ.

ಪ್ರತಿ ಏರಿಕೆಗೂ ಅಲ್ಯುಮಿನೇಟ್ ಶಿಖರ ಬಲಗಡೆಗೆ ಸರಿಯಿತು. ಮೊದಲು ಸಿಲಿಕೇಟ್ ಶಿಖರದ ನೆತ್ತಿಗೆ ಬಂತು, ಆಮೇಲೆ ಅದರ ಇಳಿಜಾರಿಗೆ, ಕೊನೆಗೆ ಪೂರ್ತಿ ಬಿಡಿಯಾಗಿ ನಿಂತಿತು. ಅದು ಸರಿಯುತ್ತಿದ್ದಂತೆ ಸಿಲಿಕೇಟ್ ಶಿಖರ ಮೈತುಂಬಿಕೊಂಡದ್ದನ್ನು ಪರದೆಯ ಮೇಲೆ ಒಂದರ ಮೇಲೊಂದು ಗೆರೆ ಇಟ್ಟು ನೋಡುವುದು ಈ ವೃತ್ತಿಯ ದೊಡ್ಡ ಸಂತೋಷಗಳಲ್ಲಿ ಒಂದು. ಮುಂದೆ ಇನ್ನೂ ಜಿಪ್ಸಂ ಸುರಿಯಲು ನಾವು ಹೋಗಲಿಲ್ಲ. ಉಳಿದ ಸಲ್ಫೇಟ್ ಗಾರೆ ಗಟ್ಟಿಯಾದ ಮೇಲೆ ಅಲ್ಯುಮಿನೇಟಿನೊಂದಿಗೆ ಕೂಡಿ ಎಟ್ರಿಂಜೈಟ್ ಎಂಬ ಹರಳಾಗಿ ಬೆಳೆದರೆ ಒಳಗಿನಿಂದ ಉಬ್ಬಿಸುತ್ತದೆ. ಬಿಡಿಶಿಖರ ಸ್ಪಷ್ಟವಾದ ಕೂಡಲೇ, ಅದಕ್ಕಿಂತ ಒಂದು ಮೆಟ್ಟಿಲು ಮಾತ್ರ ಮೇಲೆ ನಿಲ್ಲಿಸಿದೆವು.

ನೀರು ಮತ್ತು ಹರಿವು

ಸುಟ್ಟ ಜೇಡಿ ಹಾಕಿದ ಗಾರೆ ಕರಣೆಗೆ ಅಂಟಿಕೊಳ್ಳುತ್ತದೆ, ಬಳಿದರೆ ಎಳೆಯುತ್ತದೆ. ನೀರು ಹೆಚ್ಚಿಸಿದರೆ ಬಲ ಹೋಗುತ್ತದೆ, ಆದ್ದರಿಂದ ನೀರು ಹೆಚ್ಚಿಸದೆ ಗಾರೆಯನ್ನು ಹರಿಸುವ ಪಾಲಿಮರ್, ಅಂದರೆ ಪಾಲಿಕಾರ್ಬಾಕ್ಸಿಲೇಟ್ ಜಾತಿಯ ಸೂಪರ್‌ಪ್ಲಾಸ್ಟಿಸೈಸರ್ ಬಳಸಿದೆವು. ಮಾಮೂಲಿ ಸಿಮೆಂಟಿಗಿಂತ ಹೆಚ್ಚು ಬೇಕಾಯಿತು, ಅದು ನಿರೀಕ್ಷಿತವೇ. ಹಸಿ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಇನ್ನೊಂದು ಜೇಡಿ ಖನಿಜವಿದ್ದು ಸರಿಯಾಗಿ ಸುಡದೆ ಉಳಿದರೆ, ಅದರ ಪದರಗಳು ಈ ಪಾಲಿಮರನ್ನು ಒಳಗೆಳೆದುಕೊಂಡುಬಿಡುತ್ತವೆ. ಸುಡುವಿಕೆ ಪೂರ್ತಿಯಾಗಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಪಾಲಿಮರಿನ ಒಂದು ಪಾಲನ್ನು ನೀರಿನೊಂದಿಗೆ, ಉಳಿದದ್ದನ್ನು ಕಲಸಲು ತೊಡಗಿದ ಸ್ವಲ್ಪ ಹೊತ್ತಿನ ನಂತರ ಹಾಕಿದಾಗ ಅದೇ ಪ್ರಮಾಣಕ್ಕೆ ಗಾರೆ ಹೆಚ್ಚು ಹೊತ್ತು ಹರಿಯಿತು.

ಇಲ್ಲಿ ಮತ್ತೆ ಜಿಪ್ಸಂ ಎದುರಾಗುತ್ತದೆ. ಈ ಪಾಲಿಮರ್ ಸಿಲಿಕೇಟಿನ ಪ್ರತಿಕ್ರಿಯೆಯನ್ನು ನಿಧಾನಗೊಳಿಸುತ್ತದೆ, ಮೊದಲ ಶಿಖರ ಬಲಗಡೆಗೆ ಸರಿಯುತ್ತದೆ. ನೀರಿನಲ್ಲಿ ಮಾತ್ರ ಕಲಸಿದಾಗ ಚೆನ್ನಾಗಿ ಬಿಡಿಯಾಗಿದ್ದ ಎರಡು ಶಿಖರಗಳು ಪಾಲಿಮರ್ ಹಾಕಿದಾಗ ಮತ್ತೆ ಹತ್ತಿರವಾದವು. ಕಾಂಕ್ರೀಟಿಗೆ ಹೋಗುವುದು ಪಾಲಿಮರ್ ಇರುವ ಸಿಮೆಂಟೇ ಹೊರತು ಶುದ್ಧ ನೀರಿನದಲ್ಲ. ಕೊನೆಯ ಜಿಪ್ಸಂ ಪ್ರಮಾಣವನ್ನು ಪಾಲಿಮರ್ ಹಾಕಿಯೇ ನಿರ್ಧರಿಸಿದೆವು, 20 ಡಿಗ್ರಿಯಲ್ಲೂ 30 ಡಿಗ್ರಿಯಲ್ಲೂ ಗೆರೆ ತೆಗೆದು.

ಅಚ್ಚು, ಬಲ, ಎಕ್ಸ್-ಕಿರಣ

ಗಾರೆಯ ಭಾಗ ಬೇಗ ಹೇಳಿ ಮುಗಿಸಬಹುದು, ಅದು ಐಎಸ್‌ಒ 679 ಮಾನದಂಡದ ಕ್ರಮ. 450 ಗ್ರಾಂ ಸಿಮೆಂಟ್, 1350 ಗ್ರಾಂ ಮಾನಕ ಮರಳು, 225 ಗ್ರಾಂ ನೀರು, 40 ಮಿ.ಮೀ. ಚೌಕದ 160 ಮಿ.ಮೀ. ಉದ್ದದ ಮೂರು ಪಟ್ಟಕಗಳು. ಎರಡು ಪದರದಲ್ಲಿ ತುಂಬಿ ಪ್ರತಿ ಪದರಕ್ಕೆ 60 ಕುಟ್ಟು, ಮರುದಿನ ಅಚ್ಚು ಬಿಚ್ಚಿ ನೀರಿನ ತೊಟ್ಟಿಗೆ. ಬಾಗಿಸಿ ಮುರಿದು, ಸಿಕ್ಕ ಆರು ಅರ್ಧಗಳನ್ನು ಒತ್ತಿ ಒಡೆಯುವುದು. ಒತ್ತುವ ಮುಖ 1600 ಚದರ ಮಿ.ಮೀ., ಆದ್ದರಿಂದ 64 ಕಿಲೊನ್ಯೂಟನ್ ತಡೆದರೆ 40 ಮೆಗಾಪ್ಯಾಸ್ಕಲ್. ಕೈಗವಸು, ಕನ್ನಡಕ ಇಲ್ಲದೆ ಹಸಿ ಗಾರೆ ಮುಟ್ಟಬಾರದು, ಪಿಎಚ್ 13ರ ಹತ್ತಿರದ ಕ್ಷಾರ ಚರ್ಮವನ್ನು ಸುಡುತ್ತದೆ. ಕ್ವಾರ್ಟ್ಜ್ ಇರುವ ಪುಡಿ ಜರಡಿ ಹಿಡಿಯುವಾಗ ಮುಖಗವಸು ಕಡ್ಡಾಯ.

ಮೊದಲ ದಿನದ ಬಲ ಪೋರ್ಟ್‌ಲ್ಯಾಂಡ್ ಸಿಮೆಂಟಿಗಿಂತ ಕಡಿಮೆಯೇ ಇತ್ತು. ಅರ್ಧ ಕ್ಲಿಂಕರಿನಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಸಿದ್ಧ ಪಾಕದ 5 ಪಾಲಿನ ಪಟ್ಟಕಗಳಿಗೂ ಜಿಪ್ಸಂ ಸರಿಪಡಿಸಿದವಕ್ಕೂ ಮೊದಲ ದಿನದಲ್ಲೇ ಅಂತರ ಕಂಡಿತು, ಕ್ಯಾಲೊರಿಮೀಟರ್ ಹೇಳಿದ ಕ್ರಮದಲ್ಲೇ. 7ನೆಯ ದಿನಕ್ಕೆ ನಮ್ಮ ಮಿಶ್ರಣ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಪಕ್ಕಕ್ಕೆ ಬಂದು ನಿಂತಿತು, 28ನೆಯ ದಿನವೂ ಹಾಗೆಯೇ ಉಳಿಯಿತು.

ಆ ಒಂದು ವಾರದಲ್ಲಿ ಒಳಗೆ ಏನಾಯಿತೆಂದು ನೋಡಲು ಪೇಸ್ಟಿನ ಬಿಲ್ಲೆಗಳನ್ನು ಕತ್ತರಿಸಿ, ಐಸೊಪ್ರೊಪನಾಲ್‌ನಲ್ಲಿ ಮುಳುಗಿಸಿ, ನೀರು ಹೊರಡಿಸಿ ಪ್ರತಿಕ್ರಿಯೆ ನಿಲ್ಲಿಸಿದೆವು. ಎಕ್ಸ್-ಕಿರಣದಲ್ಲಿ 9.1 ಡಿಗ್ರಿಯಲ್ಲಿ ಎಟ್ರಿಂಜೈಟ್, 10.8ರಲ್ಲಿ ಹೆಮಿಕಾರ್ಬೊಅಲ್ಯುಮಿನೇಟ್, 11.7ರಲ್ಲಿ ಮಾನೊಕಾರ್ಬೊಅಲ್ಯುಮಿನೇಟ್. ಸುಮ್ಮನೆ ತುಂಬಿಸಲು ಹಾಕಿದ ಪುಡಿ ಎಂದು ಸುಣ್ಣದಕಲ್ಲನ್ನು ಕಡೆಗಣಿಸುವವರು ಈ ಎರಡು ಕಾರ್ಬೊಅಲ್ಯುಮಿನೇಟ್ ಶಿಖರಗಳನ್ನು ನೋಡಬೇಕು. ಜೇಡಿಯ ಅಲ್ಯುಮಿನಾ, ಕ್ಲಿಂಕರ್ ಬಿಟ್ಟ ಸುಣ್ಣ, ಕಲ್ಲಿನ ಕಾರ್ಬೊನೇಟ್ ಮೂರೂ ಸೇರಿ ಹುಟ್ಟಿದ ಹರಳುಗಳು ಅವು, ರಂಧ್ರಗಳನ್ನು ತುಂಬುವುದರಲ್ಲಿ ಅವುಗಳ ಪಾಲು ದೊಡ್ಡದು. 18.1 ಡಿಗ್ರಿಯ ಪೋರ್ಟ್‌ಲ್ಯಾಂಡೈಟ್ ಶಿಖರ, ಅಂದರೆ ಕ್ಲಿಂಕರ್ ಬಿಟ್ಟ ಸುಣ್ಣದ ಹರಳಿನದು, ವಾರದಿಂದ ವಾರಕ್ಕೆ ಕುಗ್ಗಿತು.

ಮೊದಲ ದಿನಗಳ ಗೆರೆ ಓದುವಾಗ ಒಂದು ವಿಷಯ ನೆನಪಿರಲಿ. ಜಿಪ್ಸಂನ ಮುಖ್ಯ ಶಿಖರ 11.6 ಡಿಗ್ರಿಯಲ್ಲಿ, ಮಾನೊಕಾರ್ಬೊಅಲ್ಯುಮಿನೇಟಿನದು 11.7ರಲ್ಲಿ. ಒಂದನ್ನು ಇನ್ನೊಂದೆಂದು ತಿಳಿದರೆ ಜಿಪ್ಸಂ ಮುಗಿದಿದೆಯೋ ಇಲ್ಲವೋ ಎಂಬ ತೀರ್ಮಾನವೇ ತಲೆಕೆಳಗಾಗುತ್ತದೆ. 20.7 ಡಿಗ್ರಿಯಲ್ಲಿ ಜಿಪ್ಸಂನ ಇನ್ನೊಂದು ಶಿಖರವಿದೆ, ಅದನ್ನೂ ನೋಡಿಯೇ ಹೇಳಬೇಕು. ನಮ್ಮ ಅಂತಿಮ ಮಿಶ್ರಣದಲ್ಲಿ 3ನೆಯ ದಿನಕ್ಕೆ ಅದರ ಸುಳಿವಿರಲಿಲ್ಲ.

ಉಳಿದ ಪರೀಕ್ಷೆ

ರಂಧ್ರಗಳು ಚಿಕ್ಕದಾದ್ದರಿಂದ ಈ ಸಿಮೆಂಟ್ ಉಪ್ಪಿನ ಕ್ಲೋರೈಡನ್ನು ತಡೆಯುವುದರಲ್ಲಿ ಗಟ್ಟಿಗ. ಕಾರ್ಬೊನೀಕರಣದ ವಿಷಯ ಬೇರೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳನುಗ್ಗುವಾಗ ಅದನ್ನು ಹಿಡಿದು ನಿಲ್ಲಿಸುವ ಪೋರ್ಟ್‌ಲ್ಯಾಂಡೈಟ್ ಇಲ್ಲಿ ಕಡಿಮೆ, ಆದ್ದರಿಂದ ಕ್ಷಾರ ಗುಣ ಇಳಿಯುವ ಗಡಿ ಬೇಗ ಒಳಸರಿಯುತ್ತದೆ. ಕ್ಷಾರ ಹೋದರೆ ಉಕ್ಕು ತುಕ್ಕು ಹಿಡಿಯಬಹುದು, ಆದ್ದರಿಂದ ಒಳಗೆ ಉಕ್ಕಿನ ಸರಳುಗಳಿರುವ ಕಾಂಕ್ರೀಟಿಗೆ ಇದು ಅಲಕ್ಷ್ಯ ಮಾಡುವಂತಹದ್ದಲ್ಲ. ಬಲದ ಅಂಕಿ ಚೆನ್ನಾಗಿ ಬಂತೆಂದು ಇಲ್ಲಿಗೆ ವರದಿ ಮುಗಿಸಲು ನನಗೆ ಮನಸ್ಸಿಲ್ಲ.

ಒಂದು ಗುಂಪಿನ ಪಟ್ಟಕಗಳನ್ನು 3 ದಿನ, ಇನ್ನೊಂದನ್ನು 7 ದಿನ, ಮತ್ತೊಂದನ್ನು 28 ದಿನ ನೀರಿನಲ್ಲಿಟ್ಟು, ಒಣಗಿಸಿ, ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿದ ಪೆಟ್ಟಿಗೆಗೆ ಇಡುತ್ತಿದ್ದೇವೆ. ಹೊರತೆಗೆದು ಸೀಳಿ, ಹಸಿ ಮುಖಕ್ಕೆ ಫಿನಾಲ್ಫ್ತಲೀನ್ ಸಿಂಪಡಿಸಿದರೆ ಕ್ಷಾರ ಉಳಿದ ಕಡೆ ಗುಲಾಬಿ ಬಣ್ಣ ಏಳುತ್ತದೆ, ಹೋದ ಕಡೆ ಏಳುವುದಿಲ್ಲ. ಅಂಚಿನಿಂದ ಗುಲಾಬಿಯವರೆಗಿನ ಅಂತರವನ್ನು ಅಳತೆಪಟ್ಟಿಯಲ್ಲಿ ಓದುತ್ತೇವೆ. ನೀರುಣಿಸುವುದನ್ನು ಬೇಗ ನಿಲ್ಲಿಸಿದಷ್ಟೂ ಆ ಅಂತರ ಎಷ್ಟು ಬೆಳೆಯುತ್ತದೆ ಎಂಬುದೇ ನಮಗೆ ಬೇಕಾದ ಉತ್ತರ. ಕಟ್ಟಡದ ಕೆಲಸದಲ್ಲಿ ಮೊದಲು ಕಡಿತವಾಗುವುದು ನೀರುಣಿಸುವ ದಿನಗಳೇ. ಇದರ ಜೊತೆಯಲ್ಲೇ ಕೇಯೊಲಿನೈಟ್ ಕಡಿಮೆ ಇರುವ ಇನ್ನೊಂದು ಮಣ್ಣು ಕುಲುಮೆಗೆ ಹೋಗಿದೆ. ಅದರ ಜಿಪ್ಸಂ ಪ್ರಮಾಣವನ್ನು ಈ ಮಣ್ಣಿನಿಂದ ಎರವಲು ಪಡೆಯುವುದಿಲ್ಲ. ಕ್ಯಾಲೊರಿಮೀಟರಿನಲ್ಲಿ 5 ಪಾಲಿನಿಂದಲೇ ಮತ್ತೆ ಶುರು.